ಇಂಜಿನ್ ನಮ್ಮನೆಯಲ್ಲಿದ್ದ ಎಂಟು ತಿಂಗಳು

ಜೂನ್ ತಿಂಗಳ ಒಂದು ಬೆಳಿಗ್ಗೆ ಅಟ್ಟೂರಿನ ನಮ್ಮ ಮನೆ ಮುಂದೆ ಗೂಡ್ಸ್ ಆಟೋ ಒಂದು ಬಂದು ನಿಂತಿತು. ಹಿಂದುಗಡೆ ಹಳೇ ಟೈರಿನ ಮೇಲೆ ಕೂರಿಸಿ, ನಾಲ್ಕೂ ಕಡೆ ಹಗ್ಗ ಬಿಗಿದು, ನನ್ನ ಕಾರಿನ ಇಂಜಿನ್ ತಂದಿದ್ದರು. ಕಾರು ಬಂದಿರಲಿಲ್ಲ, ಇಂಜಿನ್ ಮಾತ್ರ.

ನಾನು ಜಾಲಹಳ್ಳಿಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದೆ. ಬೇರೆಯವರು ಮಾಡಿದ್ದನ್ನು ಅಳೆಯುವುದು, ಸರಿಯಿದ್ದರೆ ಮುಂದಕ್ಕೆ ಕಳಿಸುವುದು, ಇಲ್ಲದಿದ್ದರೆ ಕೆಂಪು ಚೀಟಿ ಕಟ್ಟಿ ವಾಪಸು ಕಳಿಸುವುದು, ಇಷ್ಟೇ ನನ್ನ ಕೆಲಸ. ಕೆಲಸಕ್ಕೆ ಸೇರಿ ಆರೇಳು ವರ್ಷವಾದ ಮೇಲೆ ಆ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆ. ನಾನು ಕೊಂಡಾಗಲೇ ಅದಕ್ಕೆ ವಯಸ್ಸಾಗಿತ್ತು. ಆದರೂ ಬಹಳ ವರ್ಷ ನನ್ನನ್ನು ಮೊದಲ ಶಿಫ್ಟಿಗೆ ಸರಿಯಾದ ಸಮಯಕ್ಕೆ ತಲುಪಿಸಿತು. ಆಮೇಲೆ ಹಿಂದಿನಿಂದ ನೀಲಿ ಹೊಗೆ ಬರಲು ಶುರುವಾಯಿತು, ಎಣ್ಣೆ ಕುಡಿಯಲು ಶುರುವಾಯಿತು. ಒಂದು ದಿನ ಕಾಂಪೌಂಡಿನ ಪಕ್ಕ ನಿಲ್ಲಿಸಿ ಟಾರ್ಪಾಲು ಹೊದಿಸಿದ್ದು ಐದು ವರ್ಷ ಹಾಗೇ ನಿಂತಿತು. ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ನನಗೆ ಮಾಡಲು ಕೆಲಸವಿರಲಿಲ್ಲ. ಇದನ್ನು ರಿಪೇರಿ ಮಾಡಿಸೋಣ ಅಂದೆ. ನಮ್ಮ ಮನೆಯವರು, ಅವರದ್ದು ಮೊದಲಿನಿಂದಲೂ ಸ್ಕೂಟರು, ಬೇಡ ಅಂತಲೂ ಅನ್ನಲಿಲ್ಲ, ಸರಿ ಅಂತಲೂ ಅನ್ನಲಿಲ್ಲ.

ಆ ಕಾರನ್ನು ಮೊದಲಿನಿಂದ ನೋಡಿಕೊಂಡವರು ಯಶವಂತಪುರದ ಒಬ್ಬ ಮೇಸ್ತ್ರಿ. ಅರವತ್ತು ದಾಟಿದ, ತೆಳ್ಳಗಿನ ಮನುಷ್ಯ. ಇಂಜಿನ್ ಇಳಿಸಿ, ಬಿಚ್ಚಿ, ಬ್ಲಾಕಿನ ಸವೆದ ಸಿಲಿಂಡರುಗಳನ್ನು ಕೊರೆಸಿ ಬೋರ್ ಮಾಡಿಸಿ, ಪಿಸ್ಟನ್, ರಿಂಗು, ಬೇರಿಂಗು ಎಲ್ಲ ಹೊಸದು ಹಾಕಿದರು. ನಾನು ವಾರಕ್ಕೆ ಮೂರು ದಿನ ಅವರ ಗ್ಯಾರೇಜಿನಲ್ಲಿ ಸ್ಟೂಲು ಹಾಕಿಕೊಂಡು ಕೂತು, ನನ್ನದೇ ಮೈಕ್ರೋಮೀಟರಿನಲ್ಲಿ ಪ್ರತಿಯೊಂದನ್ನೂ ಅಳೆದೆ. ಬೇರೆ ಮೇಸ್ತ್ರಿಯಾಗಿದ್ದರೆ ಸಿಟ್ಟಾಗುತ್ತಿದ್ದರು. ಇವರು "ಅಳೀರಿ ಮೇಡಂ, ನಿಮಗೂ ಸಮಾಧಾನ ಆಗ್ಲಿ" ಅನ್ನುತ್ತಿದ್ದರು.

ಇಂಜಿನ್ ಪೂರ್ತಿಯಾಯಿತು. ಆದರೆ ಅದನ್ನು ಕೂರಿಸಲು ಕಾರಿನ ಬಾಡಿ ಸಿದ್ಧವಿರಲಿಲ್ಲ. ತಳವೆಲ್ಲ ತುಕ್ಕು ತಿಂದಿತ್ತು ಅಂತ ಹೆಬ್ಬಾಳದ ಒಬ್ಬ ಟಿಂಕರಿಂಗ್‌ನವರ ಹತ್ತಿರ ಬಿಟ್ಟಿದ್ದೆವು. ಅವರಿಗೆ ಭುಜದ ಆಪರೇಷನ್ ಆಗಿ ಕೆಲಸ ನಿಂತುಹೋಗಿತ್ತು. ಅದೇ ಹೊತ್ತಿಗೆ ಮೇಸ್ತ್ರಿಯ ಗ್ಯಾರೇಜಿದ್ದ ಜಾಗವನ್ನು ಅದರ ಮಾಲೀಕರು ಅಪಾರ್ಟ್‌ಮೆಂಟ್ ಕಟ್ಟುವವರಿಗೆ ಮಾರಿದರು. ಒಂದು ವಾರದಲ್ಲಿ ಖಾಲಿ ಮಾಡಬೇಕಿತ್ತು. ಹಾಗಾಗಿ ಇಂಜಿನ್ ನಮ್ಮನೆಗೆ ಬಂತು.

"ಒಂದೇ ತಿಂಗಳು ಮೇಡಂ. ಬಾಡಿ ಬಂದ ತಕ್ಷಣ ನಾನೇ ಬಂದು ಕೂರಿಸ್ತೀನಿ" ಅಂದರು ಮೇಸ್ತ್ರಿ.

ಎಲ್ಲಿ ಇಡುವುದು ಅನ್ನುವ ಪ್ರಶ್ನೆ ಬಂತು. ಮನೆ ಹಿಂದೆ ಒಂದು ಕೊಟ್ಟಿಗೆಯಿದೆ. ನಮ್ಮ ಮನೆಯವರ ಕಡೆಯವರು ಹಳೇ ಅಟ್ಟೂರಿನ ಒಕ್ಕಲು ಮನೆತನದವರು. ಹೊಲವೆಲ್ಲ ಲೇಔಟ್ ಆದ ಮೇಲೂ ಕೊಟ್ಟಿಗೆಯೊಂದು ಉಳಿದುಕೊಂಡಿತ್ತು. ದನಗಳು ಹೋಗಿ ಎಷ್ಟೋ ಕಾಲವಾಗಿತ್ತು. ಈಗ ಅದು ನಮ್ಮ ಅತ್ತೆಯ ಉಗ್ರಾಣ. ಎಪ್ಪತ್ತೆಂಟು ವರ್ಷದ ಅವರು ಪಕ್ಕದ ಖಾಲಿ ಸೈಟಿನಲ್ಲಿ ಪ್ರತಿವರ್ಷ ಅವರೆ ಬೆಳೆಯುತ್ತಾರೆ. ಸೈಟಿನ ಓನರನ್ನು ನಾವು ಯಾವತ್ತೂ ನೋಡಿಲ್ಲ. ಬಿತ್ತನೆಗಿಟ್ಟ ಒಣ ಅವರೆಕಾಳು, ಹಳೇ ಹಿತ್ತಾಳೆ ಪಾತ್ರೆ, ಮಾವನ ಕಾಲದ ಬಾವಿ ಪಂಪಿನ ಸಾಮಾನು, ಎಲ್ಲ ಆ ಕೊಟ್ಟಿಗೆಯಲ್ಲೇ ಇದ್ದವು. ನಾಲ್ಕು ಜನ ಬೊಂಬಿಗೆ ಹಗ್ಗ ಕಟ್ಟಿ ಇಂಜಿನ್ ಹೊತ್ತು ತಂದರು. ಅತ್ತೆ ತಮ್ಮ ಕಾಳು ತುಂಬಿದ ಗುಡಾಣಗಳನ್ನು ಒಂದು ಕಡೆ ಸರಿಸಿಕೊಂಡು ಜಾಗ ಬಿಟ್ಟರು. ಮರದ ಎರಡು ದಿಮ್ಮಿಗಳ ಮೇಲೆ ಅದನ್ನು ಕೂರಿಸಿದೆವು.

ಹೊರಡುವ ಮುಂಚೆ ಮೇಸ್ತ್ರಿ ನನಗೆ ಹೇಳಿದ್ದು ಇಷ್ಟು. ತೂತುಗಳೆಲ್ಲ ಮುಚ್ಚಿವೆ, ಹಾಗೇ ಇರಲಿ. ನೆಲದ ತೇವ ತಾಗದಂತೆ ನೋಡಿಕೊಳ್ಳಿ. ಸುಮ್ಮಸುಮ್ಮನೆ ತಿರುಗಿಸಬೇಡಿ. "ಬೇರಿಂಗಿಗೆ ಹಚ್ಚಿರೋ ಗ್ರೀಸು ಮೊದಲನೇ ಸಲ ಸ್ಟಾರ್ಟ್ ಮಾಡೋವಾಗ ಬೇಕು ಮೇಡಂ. ಆಡಿಸ್ತಾ ಇದ್ರೆ ಒರೆಸಿಕೊಂಡು ಹೋಗುತ್ತೆ." ಹೀಗೆ ಹೇಳುತ್ತಲೇ ತಾವೇ ಒಂದು ಸ್ಪ್ಯಾನರ್ ತೆಗೆದುಕೊಂಡು, ಮುಂದಿನ ಚಕ್ರದಂಥ ಪುಲ್ಲಿಯ ಬೋಲ್ಟಿಗೆ ಹಾಕಿ ಕಾಲು ಸುತ್ತು ತಿರುಗಿಸಿ ತೋರಿಸಿದರು. ಒಳಗೆ ಏನೋ ದಪ್ಪಗೆ, ನಿಧಾನವಾಗಿ ಸರಿದ ಸದ್ದಾಯಿತು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಅವರು ಹೋದ ಮೇಲೆ ನಾನು ಪುಲ್ಲಿಯ ಅಂಚಿಗೂ ಅದರ ಪಕ್ಕದ ಲೋಹಕ್ಕೂ ಸೇರಿಸಿ ನೇಲ್ ಪಾಲಿಶಿನಲ್ಲಿ ಒಂದು ಕೆಂಪು ಗೆರೆ ಎಳೆದೆ. ಯಾರಾದರೂ ತಿರುಗಿಸಿದರೆ ಗೆರೆ ಎರಡಾಗುತ್ತದೆ. ಕಾರ್ಖಾನೆಯ ಅಭ್ಯಾಸ. ಆಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ತಂದು, ಇಂಜಿನ್ನನ್ನು ಮೇಲಿಂದ ಕೆಳಗಿನವರೆಗೆ ಸುತ್ತಿ, ಟೇಪು ಅಂಟಿಸಿ ಗಾಳಿ ಆಡದಂತೆ ಬಿಗಿದೆ.

ಅತ್ತೆ ಬಂದು ಒಂದು ಸಲ ಸುತ್ತ ನೋಡಿದರು.

"ಇಂಗೆ ಬಿಗಿದ್ರೆ ಬೆವರ್ತದೆ ಕಣವ್ವ."

"ಇದು ಕಬ್ಬಿಣ ಅತ್ತೆ, ಬೆವರೋಕೆ ರಾಗಿಯಲ್ಲ."

"ಕಬ್ಬಿಣನಾದ್ರೂ ಅಷ್ಟೆ" ಅಂದು ಅವರು ಒಳಗೆ ಹೋದರು.

ಆಗಸ್ಟಿನಲ್ಲಿ ಒಂದು ವಾರ ಬಿಡದೆ ಮಳೆ ಹಿಡಿಯಿತು. ಮಳೆ ನಿಂತ ಮರುದಿನ ಬಿಸಿಲು ಬಂತು. ಕೊಟ್ಟಿಗೆಗೆ ಹೋಗಿ ನೋಡಿದರೆ ಪ್ಲಾಸ್ಟಿಕ್ಕಿನ ಒಳಮೈಗೆ ಸಾಲಾಗಿ ನೀರಹನಿ ಕಟ್ಟಿತ್ತು. ಬೆವರಿತ್ತು. ಪ್ಲಾಸ್ಟಿಕ್ ಕಿತ್ತು ಬಟ್ಟೆಯಿಂದ ಒರೆಸಿದೆ. ಹೊರಗಡೆ ಒಂದೆರಡು ಕಡೆ ಸಣ್ಣದಾಗಿ ತುಕ್ಕಿನ ಬಣ್ಣ ಬಂದಿತ್ತು, ಅದಕ್ಕೆ ಎಣ್ಣೆ ಹಚ್ಚಿದೆ. ತೇವ ಸಿಲಿಂಡರಿನ ಒಳಗೂ ಹೋಗಿದೆಯೇನೋ ಅನ್ನುವ ಅನುಮಾನಕ್ಕೆ ಮೂರನೇ ಸಿಲಿಂಡರಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಟಾರ್ಚು ಬಿಟ್ಟು ನೋಡಿದೆ. ಒಳಗೆ ಎಣ್ಣೆ ಹೊಳೆಯುತ್ತಿತ್ತು, ಏನೂ ಆಗಿರಲಿಲ್ಲ. ಅಷ್ಟರಲ್ಲಿ ಮುಂದಿನ ಬಾಗಿಲಲ್ಲಿ ಗ್ಯಾಸ್ ಸಿಲಿಂಡರಿನವನು ಕೂಗಿದ. ಆ ತೂತಿಗೆ ಒಂದು ಬಟ್ಟೆ ಚೂರು ತುರುಕಿ, ಪ್ಲಗ್ಗನ್ನು ಕಿಟಕಿಯ ಮೇಲಿಟ್ಟು ಓಡಿದೆ. ವಾಪಸು ಬಂದಾಗ ಅತ್ತೆ ತಮ್ಮದೊಂದು ಹಳೇ ಕಾಟನ್ ಸೀರೆ ಹಿಡಿದುಕೊಂಡು ನಿಂತಿದ್ದರು. ಬೆವರಿನ ಬಗ್ಗೆ ಒಂದು ಮಾತೂ ಆಡದೆ ಅದನ್ನು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಹೊದಿಸಿದೆ. ಪ್ಲಗ್ಗನ್ನು ವಾಪಸು ಹಾಕಬೇಕು ಅನ್ನುವುದು ನನ್ನ ತಲೆಯಿಂದ ಪೂರ್ತಿ ಹೋಯಿತು.

ಸೆಪ್ಟೆಂಬರಿನಲ್ಲಿ ಸೀರೆ ಎತ್ತಿ ನೋಡಿದಾಗ ಕೆಂಪು ಗೆರೆ ಎರಡಾಗಿತ್ತು. ಪುಲ್ಲಿಯ ಮೇಲಿನ ತುಂಡು ಕೆಳಗಡೆ ಎಲ್ಲೋ ಇತ್ತು.

ಮೊದಲು ನಮ್ಮ ಮನೆಯವರನ್ನು ಕೇಳಿದೆ. "ಅದು ಯಾವ ಕಡೆ ತಿರುಗುತ್ತೆ ಅಂತಲೂ ನಂಗೊತ್ತಿಲ್ಲ" ಅಂದರು, ಪೇಪರಿನಿಂದ ಕಣ್ಣೆತ್ತದೆ. ಅತ್ತೆ ಅಲ್ಲೇ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದರು.

"ನಾನೇ ತಿರುಗ್ಸಿದ್ದು. ಶುಕ್ರವಾರ ಶುಕ್ರವಾರ ಒಂಚೂರು ತಿರುಗ್ಸಿ ಇಡ್ತೀನಿ."

"ಮೇಸ್ತ್ರಿ ತಿರುಗಿಸ್ಬೇಡಿ ಅಂದಿದ್ದು ನೀವೂ ಕೇಳಿಸ್ಕೊಂಡ್ರಲ್ಲ ಅತ್ತೆ?"

"ಕೇಳಿಸ್ಕೊಂಡೆ. ಸುಮ್ನೆ ನಿಂತಿದ್ರೆ ಇಡ್ಕೊಂಬಿಡ್ತದೆ ಕಣವ್ವ. ನಮ್ಮ ಬಾವಿ ಪಂಪು ಎರಡು ವರ್ಷ ಅಂಗೇ ಬಿಟ್ಟಿದ್ವು. ಆಮ್ಯಾಕೆ ಆನೆ ಕಟ್ಟಿ ಎಳೆದ್ರೂ ತಿರುಗ್ಲಿಲ್ಲ."

ಆಗ ನನಗೆ ಬಂದ ಸಿಟ್ಟು ಈಗ ನೆನೆಸಿಕೊಂಡರೆ ಸ್ವಲ್ಪ ಜಾಸ್ತಿಯೇ ಅನ್ನಿಸುತ್ತದೆ. "ಇದು ನಿಮ್ಮ ಬಾವಿ ಪಂಪಲ್ಲ. ಇದರಲ್ಲಿ ಒಂದು ಕೂದಲಿನಷ್ಟು ವ್ಯತ್ಯಾಸ ಆದ್ರೂ ಎಲ್ಲ ಹಾಳು. ಗೊತ್ತಿಲ್ದೆ ಇರೋದಕ್ಕೆ ಯಾಕೆ ಕೈ ಹಾಕ್ತೀರಿ?" ಅಂದೆ. ಇಪ್ಪತ್ತಾರು ವರ್ಷ ಕೆಂಪು ಚೀಟಿ ಕಟ್ಟಿದ ದನಿಯಲ್ಲೇ ಅಂದಿರಬೇಕು. ನಮ್ಮ ಮನೆಯವರು ಪೇಪರ್ ಮಡಚಿ ಹೊರಗೆ ಹೋದರು. ಅತ್ತೆ ಉಳಿದ ಹುರುಳಿಕಾಯನ್ನು ಮೊರದ ಸಮೇತ ಅಡಿಗೆಮನೆಯಲ್ಲಿಟ್ಟು ಕೈ ತೊಳೆದುಕೊಂಡರು.

ಜಗಳ ಅಂತ ಆಗಲಿಲ್ಲ. ಬೆಳಗಿನ ಕಾಫಿಯನ್ನು ಅತ್ತೆಯೇ ಮಾಡುತ್ತಿದ್ದರು, ಮುಂಚೆ ನನ್ನ ಕೈಗೆ ಕೊಡುತ್ತಿದ್ದರು. ಈಗ ಲೋಟ ಒಲೆಯ ಪಕ್ಕದ ಕಲ್ಲಿನ ಮೇಲಿರುತ್ತಿತ್ತು. ಬೇಕಾದ್ದಷ್ಟೇ ಮಾತು. ನಾನು ಮೇಸ್ತ್ರಿ ಕೊಟ್ಟಿಗೆಯಲ್ಲಿ ಬಿಟ್ಟುಹೋಗಿದ್ದ ಸ್ಪ್ಯಾನರ್ ತಂದು ನನ್ನ ಬೀರುವಿನಲ್ಲಿಟ್ಟೆ. ಕೊಟ್ಟಿಗೆಗೆ ಬೀಗ ಹಾಕಲಿಲ್ಲ, ಅಲ್ಲಿ ಅವರ ಸಾಮಾನೇ ಜಾಸ್ತಿ. ಹೊಸದಾಗಿ ಗೆರೆ ಎಳೆದೆ.

ಅಕ್ಟೋಬರಿನಲ್ಲಿ ಆ ಗೆರೆಯೂ ಎರಡಾಗಿತ್ತು. ಮಾವನ ಪಂಪಿನ ಸಾಮಾನಿನಲ್ಲಿ ಒಂದು ಸ್ಕ್ರೂ ಸ್ಪ್ಯಾನರ್ ಇತ್ತು ಅನ್ನುವುದು ನನಗೆ ಆಗ ನೆನಪಾಯಿತು. ಈ ಸಲ ನಾನು ಏನೂ ಕೇಳಲಿಲ್ಲ. ಇನ್ನೊಂದು ಸುತ್ತು ಮಾತು ಬೇಡವಾಗಿತ್ತು. ಮೇಸ್ತ್ರಿಗೆ ಫೋನ್ ಮಾಡಿ ಹೇಳಿದೆ. ಅವರು ಆಗ ಜಾಲಹಳ್ಳಿ ಕಡೆ ತಮ್ಮ ಭಾಮೈದನ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದರು.

"ಯಾರು, ಅಮ್ಮಾನಾ?" ಅಂತ ನಕ್ಕರು. "ಸ್ವಲ್ಪ ತಾನೇ? ಬಿಡಿ. ಸ್ಟಾರ್ಟ್ ಮಾಡೋಕೆ ಮುಂಚೆ ಎಣ್ಣೆ ಏರಿಸಿಯೇ ಮಾಡ್ತೀವಿ. ಉಲ್ಟಾ ತಿರುಗಿಸ್ಬೇಡಿ ಅಂತ ಮಾತ್ರ ಹೇಳಿ."

ಅದನ್ನೂ ನಾನು ಹೇಳಲಿಲ್ಲ.

ಒಂದು ತಿಂಗಳು ಅಂದಿದ್ದು ಆರು ತಿಂಗಳಾಯಿತು. ಹೆಬ್ಬಾಳದವರು ಕೆಲಸ ಶುರು ಮಾಡಿದ್ದರು, ಆದರೆ ನಿಧಾನ. ಡಿಸೆಂಬರಿನ ಒಂದು ಶುಕ್ರವಾರ ನಾನು ಅನ್ನ ಬಸಿಯುತ್ತಿದ್ದೆ. ಅತ್ತೆ ಹಿತ್ತಿಲ ಬಾಗಿಲಿಂದ ಬಂದು, ನನ್ನ ಹಿಂದೆ ನಿಂತರು. ಕೈಯಲ್ಲಿ ಆ ಸ್ಕ್ರೂ ಸ್ಪ್ಯಾನರ್ ಇತ್ತು. ಮರೆಮಾಡಲಿಲ್ಲ.

"ತಿರುಗ್ತಾ ಇಲ್ಲ" ಅಂದರು.

"ಏನು?"

"ನಿನ್ನ ಇಂಜಿನ್ನು. ಓದ ವಾರ ಚೆನ್ನಾಗೇ ತಿರುಗ್ತು. ಇವತ್ತು ಅರ್ಧಕ್ಕೆ ಬಂದು ನಿಂತದೆ. ನಾನು ಜೋರು ಮಾಡ್ಲಿಲ್ಲ. ಬಿಟ್ಟು ಬಂದೆ."

ಪಾತ್ರೆ ಕೆಳಗಿಟ್ಟು ಹೋದೆ. ಬೀರುವಿನಿಂದ ಮೇಸ್ತ್ರಿಯ ಸ್ಪ್ಯಾನರ್ ತಂದು ಹಾಕಿ ಮೆಲ್ಲಗೆ ಒತ್ತಿದೆ. ನಿಜ, ನಿಂತಿತ್ತು. ಕಬ್ಬಿಣಕ್ಕೆ ಕಬ್ಬಿಣ ತಾಗಿ ನಿಂತ ಹಾಗಲ್ಲ. ನಡುವೆ ಏನೋ ಸಿಕ್ಕಿಕೊಂಡ ಹಾಗೆ, ಒಂಚೂರು ಮೆತ್ತಗೆ. ಸೀರೆಯನ್ನು ಪೂರ್ತಿ ತೆಗೆದೆ. ಮೂರನೇ ಸಿಲಿಂಡರಿನ ತೂತು ಬಾಯ್ಬಿಟ್ಟುಕೊಂಡಿತ್ತು. ನಾನು ತುರುಕಿದ್ದ ಬಟ್ಟೆಯ ನಾಲ್ಕು ದಾರ ಅಂಚಿನಲ್ಲಿ ಉಳಿದಿತ್ತು, ಅಷ್ಟೇ. ಪಕ್ಕದಲ್ಲಿ ಇಲಿ ಹಿಕ್ಕೆ. ಟಾರ್ಚು ಬಿಟ್ಟರೆ ಒಳಗೆ ಎಣ್ಣೆಯಲ್ಲಿ ನೆನೆದ ಒಂದು ಅವರೆಕಾಳು ಕಂಡಿತು.

ಅತ್ತೆಯೂ ಬಗ್ಗಿ ನೋಡಿದರು. "ನಮ್ಮ ಕಾಳೇ" ಅಂದರು. ಹೋಗಿ ತಮ್ಮ ಗುಡಾಣ ನೋಡಿಕೊಂಡು ಬಂದರು. ಮುಚ್ಚಳದ ಬಟ್ಟೆಯನ್ನೂ ಇಲಿ ಕಡಿದಿತ್ತು.

ಎರಡು ದಿನ ಬಿಟ್ಟು ಮೇಸ್ತ್ರಿ ಬಂದರು. ಸುತ್ತ ನೋಡಿ, ಮೊದಲು ಕೇಳಿದ್ದೇ, "ಈ ಪ್ಲಗ್ ಬಿಚ್ಚಿದ್ದು ಯಾರು?"

ಕೊಟ್ಟಿಗೆಯಲ್ಲಿ ಮೂವರೇ ಇದ್ದೆವು. ಅತ್ತೆ ನನ್ನ ಕಡೆ ನೋಡಲಿಲ್ಲ. ಕಿಟಕಿಯ ಕಡೆ ನೋಡುತ್ತಿದ್ದರು. ಪ್ಲಗ್ಗು ಅಲ್ಲೇ ಧೂಳು ಹಿಡಿದು ಕೂತಿತ್ತು. ಅದನ್ನು ಅವರು ಎಷ್ಟೋ ಸಲ ನೋಡಿರಬೇಕು, ಏನೆಂದು ಗೊತ್ತಿರಲಿಲ್ಲ.

"ನಾನು" ಅಂದೆ. "ಆಗಸ್ಟಿನಲ್ಲಿ. ವಾಪಸು ಹಾಕೋದು ಮರೆತೆ."

ಮೇಸ್ತ್ರಿ ನನ್ನನ್ನು ಒಂದು ಗಳಿಗೆ ನೋಡಿದರು. ಪ್ರತಿಯೊಂದು ಪಿಸ್ಟನ್ನನ್ನೂ ಎರಡೆರಡು ಸಲ ಅಳೆದವಳು ನಾನು. ಅವರು "ಹೆಡ್ ಬಿಚ್ಚಲೇಬೇಕು. ಸಂದಿಯಲ್ಲಿ ಏನಿದೆಯೋ ಗೊತ್ತಾಗಲ್ಲ" ಅಂತ ಅಂಗಿಯ ತೋಳು ಮಡಚಿದರು.

ಮೇಲಿನ ಮುಚ್ಚಳದಂಥ ಹೆಡ್ ಎತ್ತಿದಾಗ ನಾಲ್ಕೂ ಸಿಲಿಂಡರು ತೆರೆದುಕೊಂಡವು. ಮೂರು ಶುಭ್ರವಾಗಿದ್ದವು. ಮೂರನೆಯದರಲ್ಲಿ ಹನ್ನೊಂದು ಅವರೆಕಾಳು, ಅದರಲ್ಲೊಂದು ಹೆಡ್ಡಿಗೂ ಪಿಸ್ಟನ್ನಿಗೂ ನಡುವೆ ಸಿಕ್ಕಿ ಬೇಳೆಯಾಗಿತ್ತು. ಜೊತೆಗೆ ಬಟ್ಟೆಯ ಎಳೆ, ಸಿಪ್ಪೆ. ಮೇಸ್ತ್ರಿ ಒಂದೊಂದೇ ಆರಿಸಿ ತೆಗೆದು, ಒರೆಸಿ, ಸಿಲಿಂಡರಿನ ಗೋಡೆಯ ಮೇಲೆ ಉಗುರು ಆಡಿಸಿದರು. ನನಗೂ ಉಗುರು ಆಡಿಸಿ ನೋಡಿ ಅಂದರು. ಒಂದು ಕಡೆ ಬಹಳ ಸಣ್ಣ ಗೀರು, ಉಗುರಿಗೆ ಸಿಕ್ಕೂ ಸಿಗದ ಹಾಗೆ.

"ಇದು ಹಾಗೇ ಹೋಗ್ಬಿಡುತ್ತೆ. ಯೋಚನೆ ಮಾಡ್ಬೇಡಿ. ಆದ್ರೆ ಗೊತ್ತಾಗದೆ ಸ್ಟಾರ್ಟ್ ಮಾಡಿದ್ರೆ, ಕಾಳು ವಾಲ್ವಿಗೆ ಸಿಕ್ಕಿದ್ರೆ ವಾಲ್ವ್ ಬಗ್ತಿತ್ತು." ಆಮೇಲೆ ಅತ್ತೆಯ ಕಡೆ ತಿರುಗಿ, "ಅಮ್ಮಾ, ನಿಂತಾಗ ನೀವು ಇನ್ನೊಂದು ಸಲ ಒತ್ತಿ ನೋಡ್ಲಿಲ್ವಾ?" ಅಂತ ಕೇಳಿದರು.

"ಯಾಕೆ ಒತ್ಲಿ? ಬೀಸೋ ಕಲ್ಲಿಗೆ ಅರಳುಕಲ್ಲು ಸಿಕ್ಕಾಕೊಂಡ್ರೆ ಕೈಗೆ ಗೊತ್ತಾಯ್ತದೆ. ಆಗ ಬಿಟ್ಬಿಡ್ಬೇಕು."

ಮೇಸ್ತ್ರಿ ತಲೆಯಾಡಿಸಿ, ಸ್ಪ್ಯಾನರನ್ನು ಅವರ ಕೈಗೆ ಕೊಟ್ಟರು. "ಈಗ ತಿರುಗ್ಸಿ. ನೋಡ್ಕೊಂಡು ತಿರುಗ್ಸಿ."

ಅತ್ತೆ ಸೆರಗು ಸಿಕ್ಕಿಸಿಕೊಂಡು ಬಗ್ಗಿದರು. ಅಲ್ಲಿಯವರೆಗೆ ಅವರು ತಿರುಗಿಸಿದ್ದು ಮುಚ್ಚಿದ ಪೆಟ್ಟಿಗೆಯನ್ನು, ಒಳಗೆ ಏನಾಗುತ್ತದೆ ಅಂತ ನೋಡಿರಲಿಲ್ಲ. ಒತ್ತಿದರು. ಎರಡು ಪಿಸ್ಟನ್ ಮೇಲೆ ಬಂದವು, ಎರಡು ಕೆಳಗೆ ಹೋದವು. ಇನ್ನೊಂದು ಅರ್ಧ ಸುತ್ತು ತಿರುಗಿಸಿದರು. ಕೆಳಗಿದ್ದವು ಮೇಲೆ ಬಂದವು. ಅವರು ಅದನ್ನು ಐದಾರು ಸಲ ಮಾಡಿದರು. ಮೇಸ್ತ್ರಿ ಬೇಡ ಅನ್ನಲಿಲ್ಲ, ನಾನೂ ಅನ್ನಲಿಲ್ಲ.

"ಇಷ್ಟು ಚೆಂದ ಐತೆ ಅಂತ ಗೊತ್ತಿರ್ಲಿಲ್ಲ" ಅಂದರು ಅತ್ತೆ. ಯಾರಿಗೂ ಹೇಳಿದ್ದಲ್ಲ.

ಮೇಸ್ತ್ರಿ ಹೊಸ ಗ್ಯಾಸ್ಕೆಟ್ ಹಾಕಿ ಹೆಡ್ ಕೂರಿಸಿ, ನಾಲ್ಕೂ ಪ್ಲಗ್ ಬಿಗಿದು, ಸಂಜೆಯ ಹೊತ್ತಿಗೆ ಹೊರಟರು. ಅವರಿಗೆ ಕೊಟ್ಟು ಉಳಿದ ಕಾಫಿಯನ್ನು ಅತ್ತೆ ಎರಡು ಲೋಟಕ್ಕೆ ಬಗ್ಗಿಸಿದರು. ನಾನು ಹೇಳಬೇಕಾದ್ದು ಒಂದಿತ್ತು. ತಡವಾಗಿತ್ತು, ಆದರೂ ಹೇಳಿದೆ. "ಅವತ್ತು ನಾನು ಹಾಗೆ ಅನ್ನಬಾರದಿತ್ತು ಅತ್ತೆ."

"ಅಂದಿದ್ದು ಅಂದಾಯ್ತು" ಅಂದರು. "ಕುಡಿ, ಆರೋಗ್ತದೆ." ಲೋಟವನ್ನು ಕೈಗೆ ಕೊಟ್ಟರು.

ಬಾಡಿ ಬಂದದ್ದು ಫೆಬ್ರುವರಿಯಲ್ಲಿ. ಹೊಸ ಬಣ್ಣ ಬಳಿಸಿಕೊಂಡು, ಇನ್ನೊಂದು ಗಾಡಿಯ ಹಿಂದೆ ಕಟ್ಟಿಸಿಕೊಂಡು ಬಂತು. ಮೇಸ್ತ್ರಿ ಮೂರು ಕಂಬ ಕಟ್ಟಿ, ಚೈನ್ ಪುಲ್ಲಿ ನೇತುಹಾಕಿ, ಎರಡು ದಿನದಲ್ಲಿ ಇಂಜಿನ್ ಕೂರಿಸಿದರು. ಮೂರನೇ ದಿನ ಮೊದಲ ಸ್ಟಾರ್ಟ್. ಮೊದಲು ಪ್ಲಗ್ ಬಿಚ್ಚಿಟ್ಟು ಬರೀ ತಿರುಗಿಸಿ, ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಮೇಲೇರುವವರೆಗೆ ಕಾದೆವು. ಆಮೇಲೆ ಪ್ಲಗ್ ಹಾಕಿ ಕೀ ಕೊಟ್ಟೆ.  ಇಂಜಿನ್ ಎರಡು ಸಲ ಕೆಮ್ಮಿತು. ಮೂರನೇ ಸಲ ಹಿಡಿಯಿತು. ಸಿಲಿಂಡರಿನಲ್ಲಿ ಎಂಟು ತಿಂಗಳಿಂದ ಕೂತಿದ್ದ ಎಣ್ಣೆಯೆಲ್ಲ ಉರಿದು ಬೆಳ್ಳಗೆ ದಟ್ಟ ಹೊಗೆ ಬಂದು ಅಂಗಳ ತುಂಬಿತು. ಮೇಸ್ತ್ರಿ ಕಿವಿಯನ್ನು ಇಂಜಿನ್ನಿನ ಹತ್ತಿರ ಹಿಡಿದು, ಆಫ್ ಮಾಡಬೇಡಿ ಅಂತ ಕೈಸನ್ನೆ ಮಾಡಿದರು. ಅತ್ತೆ ಹೊರಗೆ ಬಂದರು. ನೋಡಲು ಬಂದರು ಅಂದುಕೊಂಡೆ. ಅವರು ನೇರವಾಗಿ ಹಗ್ಗದ ಹತ್ತಿರ ಹೋಗಿ, ಒಣಗಲು ಹಾಕಿದ್ದ ಬಟ್ಟೆಯನ್ನೆಲ್ಲ ಬಯ್ದುಕೊಳ್ಳುತ್ತಾ ಎತ್ತಿಕೊಂಡು ಒಳಗೆ ಹೋದರು.

ಇಪ್ಪತ್ತು ನಿಮಿಷ ಓಡಿತು. ಹೊಗೆ ತೆಳುವಾಗಿ, ಕೊನೆಗೆ ನಿಂತಿತು.

ಆಮೇಲೆ ಮೇಸ್ತ್ರಿ ನಾಲ್ಕೂ ಸಿಲಿಂಡರಿನ ಕಂಪ್ರೆಷನ್, ಅಂದರೆ ಒಳಗೆ ಗಾಳಿ ಎಷ್ಟು ಒತ್ತುತ್ತದೆ ಅಂತ, ಅಳೆದರು. ಮೂರನೆಯದು ಉಳಿದವಕ್ಕಿಂತ ಒಂಚೂರು ಕಡಿಮೆ ತೋರಿಸಿತು. ಕಾಳಿನಿಂದಲೋ, ವಾರವಾರ ತಿರುಗಿಸಿದ್ದರಿಂದಲೋ, ಮೊದಲೇ ಹಾಗಿತ್ತೋ, ನನಗೆ ಗೊತ್ತಿಲ್ಲ. ಯಾರನ್ನೂ ಕೇಳಲಿಲ್ಲ.

ಮೊದಲ ಐನೂರು ಕಿಲೋಮೀಟರು ನಲವತ್ತರ ಮೇಲೆ ಓಡಿಸಬಾರದು, ಐನೂರಾದ ಮೇಲೆ ಎಣ್ಣೆ ಬದಲಿಸಬೇಕು ಅಂದಿದ್ದರು ಮೇಸ್ತ್ರಿ. ಆ ವೇಗದಲ್ಲಿ ನನ್ನ ಜೊತೆ ಕೂರಲು ಒಪ್ಪಿದ್ದು ಅತ್ತೆ ಒಬ್ಬರೇ. ನಮ್ಮ ಮನೆಯವರು ಒಂದು ಸಲ ಸಹಕಾರನಗರದವರೆಗೆ ಬಂದು, ವಾಪಸು ಬಸ್ಸಿನಲ್ಲಿ ಹೋಗುತ್ತೇನೆ ಅಂದರು. ಅತ್ತೆ ಮುಂದಿನ ಸೀಟಿನಲ್ಲಿ ಚಪ್ಪಲಿ ಬಿಟ್ಟು ಕಾಲು ಮಡಚಿ ಕೂತು, ರಾಜಾನುಕುಂಟೆ ದಾರಿಯಲ್ಲಿ ಇದು ಯಾರ ಹೊಲವಾಗಿತ್ತು, ಅದು ಯಾರ ತೋಟವಾಗಿತ್ತು ಅಂತ ಅಪಾರ್ಟ್‌ಮೆಂಟುಗಳನ್ನು ತೋರಿಸುತ್ತಾ ಬರುತ್ತಿದ್ದರು. ಹಿಂದಿನವರು ಹಾರ್ನ್ ಹೊಡೆದರೆ ಕಿಟಕಿಯಿಂದ ಕೈ ಹೊರಗೆ ಹಾಕಿ ಮುಂದೆ ಹೋಗಿ ಅನ್ನುತ್ತಿದ್ದರು.

ಒಂದು ಭಾನುವಾರ ಯಲಹಂಕದಲ್ಲಿ ತರಕಾರಿ ತೆಗೆದುಕೊಂಡು ಮನೆ ಕಡೆ ತಿರುಗಿಸಿದೆ.

"ಯಾಕೆ ಮನೇಗೆ?" ಅಂದರು ಅತ್ತೆ. "ಇನ್ನೂ ಮೂವತ್ತು ಐತಲ್ಲ."

ನಾನು ಮೀಟರ್ ನೋಡಿದೆ. ಐನೂರಕ್ಕೆ ಮೂವತ್ತೊಂದು ಬಾಕಿ ಇತ್ತು. ಗಾಡಿಯನ್ನು ಹೆಸರಘಟ್ಟದ ಕಡೆ ತಿರುಗಿಸಿದೆ. ಕೆರೆ ಏರಿಯ ಹತ್ತಿರ ನಿಲ್ಲಿಸಿ ಇಬ್ಬರೂ ಕಬ್ಬಿನ ಹಾಲು ಕುಡಿದು ವಾಪಸಾದೆವು. ಮರುದಿನ ಮೇಸ್ತ್ರಿ ಬಂದು ಎಣ್ಣೆ ಇಳಿಸಿದರು. ಕಪ್ಪಗಿತ್ತು, ಬಿಸಿಲಿಗೆ ಹಿಡಿದರೆ ಸವೆದ ಲೋಹದ ಪುಡಿ ಸಣ್ಣಗೆ ಮಿಣುಗುಟ್ಟುತ್ತಿತ್ತು. ಎರಡು ಬೆರಳ ನಡುವೆ ಉಜ್ಜಿ ನೋಡಿ, ಹೊಸ ಇಂಜಿನ್ನಿನ ಮೊದಲ ಎಣ್ಣೆ ಹೀಗೇ ಇರಬೇಕು ಅಂದರು.